ರ‍್ಯಾಲಿ ಓಡಿದ ಫುಲ್ವಿಯಾ: ಬಣ್ಣ ಕೆರೆಯುವ ಮೊದಲು ತೂತು ಎಣಿಸಿ

ರ‍್ಯಾಲಿಯಲ್ಲಿ ಓಡಿದ್ದು ಅಂತ ಹೇಳಿ ಮಾರಿದ ಇಟಲಿಯ ಹಳೆಯ ಕಾರು, ಲಾನ್ಚಿಯಾ ಫುಲ್ವಿಯಾ 1.6 ಎಚ್‌ಎಫ್, ನಿಮ್ಮ ಕೈಗೆ ಬಂದಿದೆ. ಕಾರ್ಖಾನೆಯಿಂದ ಈಗಷ್ಟೇ ಹೊರಬಂದ ಹಾಗೆ ಮಾಡಿಸಲೋ, 1972ರ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದ 14ನೇ ನಂಬರಿನ ಕಾರಿನ ಹಾಗೆ ಮಾಡಿಸಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಇಂಥದ್ದೇ ಒಂದು ಕಾರನ್ನು ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ಕೈಯಾರೆ ಹಾಳು ಮಾಡಿದ್ದೇನೆ.

ಆ ಕಾರಿನ ಬಾಡಿಯಲ್ಲಿ ಪಾರ್ಟ್ಸ್ ಪುಸ್ತಕದಲ್ಲಿಲ್ಲದ 17 ತೂತುಗಳಿದ್ದವು. ಕೋ-ಡ್ರೈವರ್ ಮುಂದಿನ ಡ್ಯಾಶ್‌ನಲ್ಲಿ ನಾಲ್ಕು, ಎಂಜಿನ್ ಹಿಂದಿನ ತಗಡಿನಲ್ಲಿ ಎರಡು, ಮುಂದಿನ ಚಕ್ರದ ಹಿಂಬದಿಯಲ್ಲಿ ಮೂರು ಮೂರು, ಉಳಿದವು ಡಿಕ್ಕಿಯಲ್ಲಿ ಮತ್ತು ದೀಪಗಳ ಕೆಳಗೆ. ಯಾರೋ ಮನಸ್ಸಿಗೆ ಬಂದ ಹಾಗೆ ಕೊರೆದಿದ್ದಾರೆ ಅಂದುಕೊಂಡೆ. ಮರಳು ಹೊಡೆದು ಬಣ್ಣ ಕೀಳುವ ಬ್ಲಾಸ್ಟಿಂಗ್ ಮಾಡಿಸಿ, ಎಲ್ಲ ತೂತುಗಳನ್ನೂ ಟಿಗ್ ವೆಲ್ಡಿಂಗಿನಲ್ಲಿ ತುಂಬಿಸಿ, ಗ್ರೈಂಡರ್ ಹೊಡೆಸಿ, ಎಪಾಕ್ಸಿ ಪ್ರೈಮರ್ ಹಾಕಿಸಿದೆ. ಕೈಯಾಡಿಸಿದರೂ ಗೊತ್ತಾಗದಷ್ಟು ನಯವಾದ ಕೆಲಸ.

ಬಣ್ಣ ಒಣಗಿದ ಮೇಲೆ ಆ ಕಾಲದ ಒಂದು ಫೋಟೊ ಸಿಕ್ಕಿತು. ಅದೇ ಟ್ಯುರಿನ್ ನಂಬರ್ ಪ್ಲೇಟ್. ಪ್ಲೇಟ್ ಒಂದೇ ಆದರೆ ಸಾಕಲ್ಲವೇ ಅನ್ನಬೇಡಿ. ರ‍್ಯಾಲಿ ತಂಡಗಳಲ್ಲಿ ಪ್ಲೇಟು, ಕಾಗದಪತ್ರ ಒಂದು ಬಾಡಿಯಿಂದ ಇನ್ನೊಂದಕ್ಕೆ ಹೋಗಿದ್ದುಂಟು. ಜಖಂ ಆದ ಬಾಡಿ ಗುಜರಿಗೆ, ಅದರ ಗುರುತು ಹೊಸ ಬಾಡಿಗೆ. ಹಾಗಾಗಿ ತಿಳಿದವರು ಸಾಕ್ಷಿ ಕೇಳುವುದು ತಗಡನ್ನೇ. ಫೋಟೊದಲ್ಲಿ ಮಡ್‌ಫ್ಲಾಪಿನ ಮೂರು ಬೋಲ್ಟ್ ಸ್ಪಷ್ಟವಾಗಿ ಕಾಣುತ್ತಿದ್ದವು. ಫುಲ್ವಿಯಾ ಕೂಪೆಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2330 ಮಿ.ಮೀ.; ನೇರ ಪಕ್ಕದಿಂದ ತೆಗೆದ ಫೋಟೊ ಆದ್ದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡು ಬೋಲ್ಟುಗಳ ನಡುವಿನ ಅಂತರ ಲೆಕ್ಕ ಹಾಕಬಹುದಿತ್ತು. ಹಾಕಿಯೂ ಆಯಿತು. ತಾಳೆ ನೋಡುವುದಕ್ಕೆ ಕಾರಿನಲ್ಲಿ ತೂತುಗಳೇ ಇರಲಿಲ್ಲ. ತುಂಬಿದ ಜಾಗದ ಹಿಂಬದಿಗೆ ಸಂದಿಯೊಳಗೆ ಇಳಿಸುವ ಕ್ಯಾಮೆರಾ ಬೋರ್‌ಸ್ಕೋಪ್ ಹಾಕಿದರೆ ಕಂಡದ್ದು ವೆಲ್ಡಿನ ಬಿಸಿಗೆ ನೀಲಿಯಾದ ಉಂಗುರ. ಅಲ್ಲಿ ಏನೋ ಇತ್ತು ಅಂತ ಅದು ಹೇಳುತ್ತೆ. ಏನಿತ್ತು, ಯಾವಾಗಿನದು ಅಂತ ಹೇಳುವುದಿಲ್ಲ.

ತೂತು ಇದ್ದಿದ್ದರೆ ಕಾಲವನ್ನೂ ಹೇಳುತ್ತಿತ್ತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಅಂಚು ನೋಡಿ. ಅಂಚಿನಲ್ಲಿ ಬಣ್ಣದ ಪದರಗಳೆಲ್ಲ ಈರುಳ್ಳಿ ಹೆಚ್ಚಿದ ಹಾಗೆ ಕತ್ತರಿಸಿ ಕಂಡರೆ, ಆ ಪದರಗಳೆಲ್ಲ ಬಂದ ಮೇಲೆ ಕೊರೆದದ್ದು. ಬಣ್ಣ ತೂತಿನ ಒಳಗೋಡೆಗೆ ಹರಿದು ಒಣಗಿದ್ದರೆ ಆ ಬಣ್ಣಕ್ಕಿಂತ ಮೊದಲಿನದು. ಕೆಳಗಿನ ಅಮರಾಂತೊ ಅನ್ನುವ ಕಡುಗೆಂಪು ಕತ್ತರಿಸಿದೆ, ಮೇಲಿನ ಬಣ್ಣ ಒಳಕ್ಕೆ ಹರಿದಿದೆ ಅಂದರೆ, ಕೊರೆದದ್ದು ಮೊದಲ ಬಣ್ಣಕ್ಕೂ ಮರುಬಣ್ಣಕ್ಕೂ ನಡುವೆ. ನಿಮಗೆ ಬೇಕಾದದ್ದು ಇಂಥ ತೂತು. ಬ್ಲಾಸ್ಟಿಂಗ್ ಮಾಡಿದರೆ ಇದೆಲ್ಲ ಒಂದು ಗಂಟೆಯಲ್ಲಿ ಧೂಳು.

ಆದ್ದರಿಂದ ಮೊದಲು ಉಪ್ಪುಕಾಗದ ಕೆಳಗಿಡಿ. ಪ್ರತಿ ತೂತಿಗೂ ಒಂದು ನಂಬರ್ ಕೊಟ್ಟು, ಪಕ್ಕದಲ್ಲಿ ಉಕ್ಕಿನ ಸ್ಕೇಲ್ ಇಟ್ಟು ಮುಂದೆ ಹಿಂದೆ ಎರಡೂ ಕಡೆ ಫೋಟೊ ತೆಗೆಯಿರಿ. ವ್ಯಾಸವನ್ನೂ ಜೋಡಿಗಳ ನಡುವಿನ ಅಂತರವನ್ನೂ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಬರೆಯಿರಿ. ಡ್ಯಾಶ್‌ನಲ್ಲಿ ಓಡಿದ ದೂರ ಅಳೆಯುವ ಹಾಲ್ಡಾ ಟ್ರಿಪ್‌ಮೀಟರ್ ಕೂತಿದ್ದ ಗುರುತು, ಅದರ ಕೇಬಲ್ ದಾಟಿದ ದಾರಿ, ರೋಲ್‌ಬಾರಿನ ಪಾದದಡಿಯ ಪ್ಲೇಟ್, ಎರಡನೇ ಸ್ಟೆಪ್ನಿಯ ಬೆಲ್ಟಿನ ಕೊಂಡಿ, ಇವನ್ನೆಲ್ಲ ಹುಡುಕಿ. ಬಾಗಿಲ ಮೇಲೆ ಕತ್ತಲಲ್ಲಿ ಟಾರ್ಚನ್ನು ತಗಡಿಗೆ ಒರಗಿಸಿದಷ್ಟು ಓರೆಯಾಗಿ ಬೆಳಕು ಬಿಡಿ. ಸ್ಪರ್ಧೆಯ ನಂಬರ್ ಅಂಟಿಸಿದ್ದ ಚೌಕದ ಅಂಚು ಎಷ್ಟೋ ಸಲ ಮೇಲೆದ್ದು ಕಾಣುತ್ತೆ. ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಮೊದಲ ಸರಣಿಯ 1.6 ಎಚ್‌ಎಫ್ ಅಂದರೆ 818.540ರಿಂದ ಶುರುವಾಗಬೇಕು, 818.740 ಇದ್ದರೆ ಅದು ಎರಡನೇ ಸರಣಿಯದು.

ಬಣ್ಣದ ಪದರ ಓದಲು ಸೀಟಿನ ಕೆಳಗೋ ಡಿಕ್ಕಿಯೊಳಗೋ ಒಂದು ಜಾಗ ಆರಿಸಿ. 800, ಆಮೇಲೆ 1200, ಕೊನೆಗೆ 2000 ನಂಬರಿನ ಕಾಗದದಲ್ಲಿ ನೀರು ಹಾಕಿ 40 ಮಿ.ಮೀ. ಉದ್ದದ ಮೊಟ್ಟೆಯಾಕಾರ ಉಜ್ಜಿ. ಇಳಿಜಾರು ಅಗಲವಾದಷ್ಟೂ ಉಂಗುರಗಳು ಬಿಡಿಬಿಡಿಯಾಗಿ ಕಾಣುತ್ತವೆ. ತಗಡು ಕಂಡ ತಕ್ಷಣ ನಿಲ್ಲಿಸಿ.

ಇನ್ನು 14ನೇ ನಂಬರಿನ ವಿಷಯ. ಆ ಕಾರಿನ ಮೇಲೆ ನಿಮಗಿರುವ ಪ್ರೀತಿ ನನಗೂ ಇದೆ. ಫ್ರಾನ್ಸಿನ ಆಲ್ಪೀನ್ ಕಾರುಗಳ ಗೇರ್‌ಬಾಕ್ಸ್ ಕೈಕೊಟ್ಟ ಆ ರ‍್ಯಾಲಿಯಲ್ಲಿ ಸಾಂಡ್ರೊ ಮುನಾರಿ, ಮಾರಿಯೊ ಮನ್ನುಚ್ಚಿ 1584 ಸಿಸಿಯ ಈ ಕಿರುಕೋನದ ವಿ4 ಕಾರನ್ನು ಜೆರಾರ್ ಲರೂಸ್ ಓಡಿಸಿದ ಪೋರ್ಷೆ 911ಗಿಂತ ಮುಂದೆ ತಂದರು. ಅದೇ ವರ್ಷ ಲಾನ್ಚಿಯಾಗೆ ತಯಾರಕರ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ಪೂ ಬಂತು. ಅದಕ್ಕೂ ಮೊದಲು 1969, 1970ರಲ್ಲಿ ಹ್ಯಾರಿ ಶಾಲ್‌ಸ್ಟ್ರೋಮ್ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯನ್ನು ಫುಲ್ವಿಯಾದಲ್ಲೇ ಗೆದ್ದಿದ್ದರು. ಆದರೆ ಅದು ಆ ಕಾರಿನ ಕಥೆ. ಮುಂಭಾಗದ ನಾಲ್ಕು ಹೆಡ್‌ಲೈಟುಗಳಲ್ಲಿ ಒಳಬದಿಯ ಎರಡು ದೊಡ್ಡದಾಗಿರುವುದರಿಂದ ಫನಲೋನೆ ಅಂತ ಹೆಸರಾದ ಈ ಮೊದಲ ಸರಣಿಯ 1.6 ಎಚ್‌ಎಫ್ ತಯಾರಾದದ್ದೇ ಸುಮಾರು 1250. ಅದರಲ್ಲಿ ಒಂದರ ಮೇಲೆ ಬೇರೆ ಕಾರಿನ ಹೆಸರು ಬರೆದರೆ ಅದರ ಸ್ವಂತ ಓಟ ಅಳಿಸಿಹೋಗುತ್ತೆ. ಯಾವುದೋ ಊರಿನ ಗುಡ್ಡದ ರಸ್ತೆಯಲ್ಲಿ 30ನೇ ಸ್ಥಾನ ಬಂದಿದ್ದರೂ ಅದೇ ಹೆಚ್ಚು.

ಮೋಟಾರ್ ಸ್ಪರ್ಧೆಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಹಿಸ್ಟಾರಿಕ್ ಟೆಕ್ನಿಕಲ್ ಪಾಸ್‌ಪೋರ್ಟ್ ಮಾಡಿಸಿದರೆ ಇತಿಹಾಸ ಸಾಬೀತಾಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾರು ಆ ಕಾಲದ ತಾಂತ್ರಿಕ ನಿಯಮಕ್ಕೆ ಹೊಂದುತ್ತೆ ಅಂತಷ್ಟೇ ಅದು ಹೇಳುವುದು. ಮಾಲೀಕರ ಸರಪಳಿ ಬೇಕಿದ್ದರೆ ಇಟಲಿಯ ವಾಹನ ನೋಂದಣಿ ಕಚೇರಿ ಪಿಆರ್‌ಎಯಿಂದ ಎಸ್ತ್ರಾತ್ತೊ ಕ್ರೊನೊಲೊಜಿಕೊ, ಅಂದರೆ ನೋಂದಣಿಗಳ ಕಾಲಾನುಕ್ರಮದ ಪ್ರತಿ, ತೆಗೆಸಿ. ಹಿಂದೆ ಕಾರು ಬೇರೆ ಪ್ರಾಂತಕ್ಕೆ ಹೋದರೆ ಪ್ಲೇಟೇ ಬದಲಾಗುತ್ತಿತ್ತು, ಆದ್ದರಿಂದ ಹಳೆಯ ನಂಬರುಗಳನ್ನೆಲ್ಲ ಬರೆದುಕೊಂಡು ಫೋಟೊ ಹುಡುಕಿ.

ತುಕ್ಕು ಮಾತ್ರ ಕಾಯುವುದಿಲ್ಲ. ಮುಂದಿನ ಸಬ್‌ಫ್ರೇಮ್ ಬಾಡಿಗೆ ಸೇರುವ ಜಾಗಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಎಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ ಎರಡರ ಭಾರವೂ ಅಲ್ಲೇ. ಅಲ್ಲಿ ಮೆತ್ತಗಾಗಿದ್ದರೆ ಕತ್ತರಿಸಲೇಬೇಕು. ಮೊದಲ ಸರಣಿಯ ಕಾರಾಗಿದ್ದರೆ ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾ ತೊಟ್ಟಿಗೆ ಇಳಿಸಿದರೆ ಕರಗುತ್ತವೆ, ಮರಳು ಬ್ಲಾಸ್ಟಿಂಗಿಗೆ ಸೊಟ್ಟಗಾಗುತ್ತವೆ. ಉಳಿದ ತೂತುಗಳಿಂದ ನೀರು ಬರುತ್ತೆ ಅನ್ನಿಸಿದರೆ ಅಂಚಿಗೆ ಸ್ವಲ್ಪ ಮೇಣ ಸವರಿ, ರಬ್ಬರ್ ಬಿರಡೆ ಒತ್ತಿ. ನಾಳೆ ಬೇಕಾದಾಗ ಬೆರಳಲ್ಲೇ ತೆಗೆಯಬಹುದು.