ಕುದಿಸಿದರೂ ಹೋಗದ ಮರುವಾಯಿ ವಿಷ

ಪ್ರಶ್ನೆ: ಮರುವಾಯಿ, ಪಚ್ಚಿಲೆಗಳಂಥ ಚಿಪ್ಪುಮೀನುಗಳಲ್ಲಿ ಪಾಚಿಯ ವಿಷ ಸೇರಿರಬಹುದೆಂದು ಕೇಳಿದ್ದೇನೆ. ಚೆನ್ನಾಗಿ ಬೇಯಿಸಿ, ಬೆಳ್ಳಿಯ ನಾಣ್ಯ ಹಾಕಿ ಅದು ಕಪ್ಪಾಗುತ್ತದೆಯೇ ಎಂದು ನೋಡಿದರೆ ಸಾಲದೇ? ಪ್ರಯೋಗಾಲಯದಲ್ಲಿ ಇದನ್ನು ಹೇಗೆ ಪರೀಕ್ಷಿಸುತ್ತಾರೆ? – ಓದುಗರೊಬ್ಬರು, ಕುಂದಾಪುರ

ಉತ್ತರ: ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳಿಂದ, ಈ ವಿಷಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರನ್ನು ಸೋಸಿ ತಿನ್ನುವ ಮರುವಾಯಿಯು ಕೆಲವು ಜಾತಿಯ ಸೂಕ್ಷ್ಮ ಪಾಚಿಗಳನ್ನು ನುಂಗಿದಾಗ ಅವುಗಳಲ್ಲಿನ ಸ್ಯಾಕ್ಸಿಟಾಕ್ಸಿನ್ ಎಂಬ ನರವಿಷ ಅದರ ಮಾಂಸದಲ್ಲಿ ಶೇಖರವಾಗುತ್ತದೆ; ಮರುವಾಯಿಗೆ ಮಾತ್ರ ಏನೂ ಆಗುವುದಿಲ್ಲ, ರುಚಿಯೂ ಕೆಡುವುದಿಲ್ಲ. ಇದು ದೂರದ ದೇಶದ ಮಾತೂ ಅಲ್ಲ. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಮರುವಾಯಿ ತಿಂದವರಿಗೆ ಇದೇ ವಿಷವೇರಿದ್ದು ದಾಖಲಾಗಿದೆ.

ಇನ್ನು ಬೇಯಿಸುವ ಮಾತು. ಹಳೆಯ ಪರೀಕ್ಷಾ ವಿಧಾನವೇ ನಿಮ್ಮ ಸಂಶಯಕ್ಕೆ ಉತ್ತರ ಹೇಳುತ್ತದೆ: 100 ಗ್ರಾಂ ಮಾಂಸವನ್ನು ನುಣ್ಣಗೆ ರುಬ್ಬಿ, ಅಷ್ಟೇ ಪ್ರಮಾಣದ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ತಿಳಿಯಾದ ರಸದಲ್ಲಿ 1 ಮಿಲಿಲೀಟರನ್ನು ಸುಮಾರು 20 ಗ್ರಾಂ ತೂಕದ ಇಲಿಯ ಹೊಟ್ಟೆಗೆ ಚುಚ್ಚುತ್ತಾರೆ, ಅದು ಕೊನೆಯುಸಿರೆಳೆಯಲು ಹಿಡಿದ ಸಮಯದಿಂದ ವಿಷದ ಪ್ರಮಾಣವನ್ನು ಲೆಕ್ಕಹಾಕುತ್ತಾರೆ. ಆಮ್ಲದಲ್ಲಿ ಕುದಿದೂ ಉಳಿಯುವ ವಿಷವು ನಮ್ಮ ಸುಕ್ಕದ (ಕರಾವಳಿಯ ಒಣ ಮಸಾಲೆ ಪಲ್ಯದ) ಬಾಣಲೆಗೆ ಹೆದರುವುದಿಲ್ಲ! ಸಾಮಾನ್ಯವಾಗಿ ಅನುಸರಿಸುವ ಮಿತಿ ಒಂದು ಕಿಲೋ ಮಾಂಸಕ್ಕೆ 0.8 ಮಿಲಿಗ್ರಾಂ. ಇಲಿಯ ಪರೀಕ್ಷೆಯು ಸುಮಾರು ಅದರರ್ಧಕ್ಕಿಂತ ಕಡಿಮೆಯಿರುವ ವಿಷವನ್ನು ಗುರುತಿಸಲಾರದು. ಪ್ರಾಣಿಹಿಂಸೆಯ ಪ್ರಶ್ನೆಯಂತೂ ಇದ್ದೇ ಇದೆ. ಆದ್ದರಿಂದ ಈಗ ರಸದಲ್ಲಿನ ವಿಷದ ಘಟಕಗಳನ್ನು ದ್ರವ ಕ್ರೊಮಟೋಗ್ರಫಿ ಯಂತ್ರದಲ್ಲಿ ಬೇರ್ಪಡಿಸಿ, ಒಂದೊಂದನ್ನೂ ಅಳೆದು ಕೂಡಿಸುವ ವಿಧಾನಕ್ಕೆ ಹಲವು ದೇಶಗಳು ಹೊರಳಿವೆ. ನನ್ನ ದೃಷ್ಟಿಯಲ್ಲಿ ಇದೇ ಸರಿಯಾದ ದಾರಿ.

ಒಂದು ಮಾತು ನೆನಪಿರಲಿ. ಪರೀಕ್ಷೆಯ ಫಲಿತಾಂಶ ಆ ಜಾಗಕ್ಕೆ, ಆ ದಿನಕ್ಕೆ ಮಾತ್ರ ಸಲ್ಲುತ್ತದೆ. ಕೆಲವೇ ದಿನಗಳಲ್ಲಿ ಪಾಚಿ ಹೆಚ್ಚಿದರೆ ಅದೇ ಅಳಿವೆಯ ಮರುವಾಯಿ ಅಪಾಯಕಾರಿಯಾಗಬಹುದು. ತಿಂದ ಮೇಲೆ ತುಟಿ, ನಾಲಗೆ ಜೋಮು ಹಿಡಿದರೆ ಕಾಯದೆ ಆಸ್ಪತ್ರೆಗೆ ಹೋಗಿ: ಇದಕ್ಕೆ ಪ್ರತಿವಿಷವಿಲ್ಲ, ಉಸಿರಾಟಕ್ಕೆ ಆಸರೆ ಕೊಡುವುದೇ ಚಿಕಿತ್ಸೆ. ಉಳಿದ ಸುಕ್ಕವನ್ನು ಚೆಲ್ಲದೆ, ಪರೀಕ್ಷೆಗೆಂದು ಮುಚ್ಚಿ ಫ್ರಿಜ್‌ನಲ್ಲಿಡಿ. ಬೆಂದ ಮಾಂಸದಲ್ಲೂ ವಿಷವನ್ನು ಪತ್ತೆಮಾಡಬಹುದು.