ಬೆಂಕಿಯಿಂದ ತಪ್ಪಿಸಿಕೊಂಡವರು ಎಲ್ಲಿಗೆ ಹೋದರು?

(ಸಕಲೇಶಪುರದ ಓದುಗರೊಬ್ಬರ ಪತ್ರದ ಸಾರ: "ಒಂಬತ್ತು ಸಣ್ಣ ಕತೆ ಬರೆದಿದ್ದೇನೆ. ಎಲ್ಲದರಲ್ಲೂ ಬೆಂಕಿ ಇದೆ, ಮಾಟ-ಮಂತ್ರ ಇದೆ. ಒಟ್ಟಾಗಿ ಒಂದು ಪುಸ್ತಕ ಅಂತ ನನ್ನ ಲೆಕ್ಕ. ಓದಿದ ಗೆಳತಿಯರು 'ಚೆನ್ನಾಗಿವೆ, ಆದರೆ ಬಿಡಿಬಿಡಿ' ಅಂತಾರೆ. ನಿಮಗೆ ಕಳಿಸಿದ ನಾಲ್ಕೂ ವಾಪಸ್ ಬಂದವು. ಇಂಥ ಕತೆ ಅಂದರೆ ಪತ್ರಿಕೆಯವರಿಗೆ ಮಕ್ಕಳಾಟವೇ?")

ನಮಸ್ಕಾರ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಖಂಡಿತ ಅಲ್ಲ. ಹಾಸನದಲ್ಲಿ ಕೂತು ಪತ್ರಿಕೆ ಮಾಡುವವರು ಅದ್ಭುತವನ್ನು ಮಕ್ಕಳಾಟ ಅಂದರೆ ಊರಿನವರೇ ನಗುತ್ತಾರೆ. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಮಾತ್ರ ಬಾಗಿಲು ತೆಗೆಯುವ ಹಾಸನಾಂಬೆ ಗುಡಿ ಇಲ್ಲೇ ಇದೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತದೆ, ಮುಡಿಸಿದ ಹೂ ಬಾಡುವುದಿಲ್ಲ ಅನ್ನುವುದು ನಂಬಿಕೆ. ಅದೇ ಗುಡಿಯಲ್ಲಿ ಸೊಸೆ ಕಲ್ಲು ಇದೆ. ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ದೇವಿಯನ್ನು ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅಂತ ಹೇಳುತ್ತಾರೆ. ನಿಜವೋ ಸುಳ್ಳೋ ಅನ್ನುವ ಜಗಳ ಬೇರೆಯವರಿಗೆ ಇರಲಿ. ಕತೆ ಬರೆಯುವವರು ಆ ಅಕ್ಕಿಕಾಳನ್ನು ನೋಡಬೇಕು. ಕಲ್ಲು ನಡೆಯುತ್ತದೆ ಅಂತಷ್ಟೇ ಹೇಳಿದ್ದರೆ ಒಂದು ಗಳಿಗೆ ಬೆರಗಾಗಿ ಮರೆತುಬಿಡುತ್ತಿದ್ದೆವು. ಎಷ್ಟು ನಡೆಯುತ್ತದೆ ಅಂತ ಅಳತೆ ಕೊಟ್ಟರು ನೋಡಿ, ಭಯ ಶುರುವಾಗುವುದು ಅಲ್ಲಿ.

ಈಗ 'ಬಿಡಿಬಿಡಿ' ವಿಷಯಕ್ಕೆ ಬರೋಣ. ನಿಮ್ಮ ಗೆಳತಿಯರು ಹೇಳಿದ್ದು ಸರಿ. ನಾಲ್ಕು ಕತೆಯಲ್ಲೂ ಬೆಂಕಿ ಇದೆ, ಒಪ್ಪೋಣ. ಆದರೆ ಒಂದೇ ಬಣ್ಣದ ಸೀರೆ ಉಟ್ಟವರೆಲ್ಲ ಅಕ್ಕತಂಗಿಯರಾಗುವುದಿಲ್ಲ, ಅಲ್ವಾ? ಕುಲುಮೆಯ ಕತೆ ಮುಗಿದಾಗ ಅಲ್ಲಿನ ಬೆಂಕಿಯೂ ಆರಿಹೋಗುತ್ತದೆ. ಕೆಂಡ ಹಾಯುವ ಹುಡುಗಿಯ ಕತೆಗೆ ನೀವು ಹೊಸದಾಗಿ ಕಡ್ಡಿ ಗೀರುತ್ತೀರಿ. ಮೊದಲ ಕತೆಯಲ್ಲಿ ಏನು ಸುಟ್ಟಿತು ಅನ್ನುವುದು ಎರಡನೆಯದಕ್ಕೆ ಗೊತ್ತೇ ಇಲ್ಲ.

ಖಾಂಡವವನ ಸುಟ್ಟದ್ದನ್ನು ನೆನಪು ಮಾಡಿಕೊಳ್ಳಿ. ಯಜ್ಞದ ತುಪ್ಪ ಕುಡಿದೂ ಕುಡಿದೂ ಅಗ್ನಿಗೆ ಅಜೀರ್ಣವಾಗಿತ್ತು. ಆ ಕಾಡು ತಿಂದರೆ ವಾಸಿ. ಕೃಷ್ಣ, ಅರ್ಜುನ ಕಾವಲು ನಿಂತರು, ಕಾಡು ಹೊತ್ತಿತು. ಇಷ್ಟಕ್ಕೇ ನಿಂತಿದ್ದರೆ ಅದೂ ಒಂದು ಬಿಡಿ ಕತೆ. ಆದರೆ ಆ ಬೆಂಕಿಯಿಂದ ಕೆಲವರು ತಪ್ಪಿಸಿಕೊಂಡರು. ಮಯ ಅವರಲ್ಲಿ ಒಬ್ಬ. ಜೀವ ಉಳಿಸಿದ ಋಣಕ್ಕೆ ಪಾಂಡವರಿಗೆ ಸಭೆ ಕಟ್ಟಿಕೊಟ್ಟ. ನೆಲ ನೀರಾಗಿ, ನೀರು ನೆಲವಾಗಿ ಕಾಣುವ ಸಭೆ. ಅಲ್ಲಿ ದುರ್ಯೋಧನ ನೀರಿಗೆ ಬಿದ್ದು ನಗೆಪಾಟಲಾದ. ಆ ಹೊಟ್ಟೆಕಿಚ್ಚು ಜೂಜಿನ ಹಾಸಿನವರೆಗೆ ಹೋಯಿತು. ಇನ್ನೊಬ್ಬ ತಕ್ಷಕನ ಮಗ ಅಶ್ವಸೇನ. ತಾಯಿ ಸತ್ತಳು, ಮಗ ಉಳಿದ. ಎಷ್ಟೋ ವರ್ಷದ ಮೇಲೆ ಕುರುಕ್ಷೇತ್ರದಲ್ಲಿ ಕರ್ಣನ ಬಾಣ ಸೇರಿಕೊಂಡು ಹಗೆ ತೀರಿಸಲು ಬಂದ. ಕೃಷ್ಣ ರಥ ಒತ್ತಿದ್ದರಿಂದ ಅರ್ಜುನನ ತಲೆ ಉಳಿದು ಕಿರೀಟ ಹೋಯಿತು. ಇನ್ನು ಗಾಂಡೀವ. ಈ ಕಾಡು ಸುಡುವುದಕ್ಕೆ ಅಂತಲೇ ಅಗ್ನಿ ವರುಣನಿಂದ ಕೊಡಿಸಿದ ಬಿಲ್ಲು ಅದು. ಪಾಂಡವರು ರಾಜ್ಯ ಬಿಟ್ಟು ಕೊನೆಯ ಪ್ರಯಾಣ ಹೊರಟಾಗ ಅದೇ ಅಗ್ನಿ ದಾರಿಗೆ ಅಡ್ಡ ಬಂದು ವಾಪಸ್ ಕೇಳುತ್ತಾನೆ.

ಒಂದೇ ಒಂದು ಬೆಂಕಿ. ಅದರಿಂದ ಒಂದು ಋಣ, ಒಂದು ಹಗೆ, ಒಂದು ಕಡ ತಂದ ಬಿಲ್ಲು ಹೊರಬಿದ್ದವು. ಮುಂದಿನ ಕತೆಗಳು ಅವುಗಳ ಹಿಂದೆ ಹೋಗುತ್ತವೆ. ಹಾಗಾಗಿ ನಿಮ್ಮ ಒಂಬತ್ತರಲ್ಲೂ ಬೆಂಕಿ ಉರಿಯಲೇಬೇಕು ಅಂತೇನಿಲ್ಲ. ನಾಲ್ಕರಲ್ಲಿ ಬರೀ ಬೂದಿ ಇದ್ದರೂ ನಡೆಯುತ್ತದೆ. ಅದು ಯಾವ ಮನೆಯ ಬೂದಿ ಅಂತ ಓದುವವರಿಗೆ ಗೊತ್ತಿರಬೇಕು ಅಷ್ಟೇ.

ಇನ್ನೊಂದು ದಾರಿ ಬೇತಾಳನದು. ರಾಜ ಬಾಯಿ ಬಿಟ್ಟ, ಹೆಣ ಮರಕ್ಕೆ ವಾಪಸ್, ಮತ್ತೊಂದು ಕತೆ. ಹೀಗೇ 25 ಕತೆ. ಆದರೆ ನಿಮ್ಮ ಪಾತ್ರಗಳು ಜಾಸ್ತಿ ಮಾತಾಡುವವರಲ್ಲ, ನಿಮಗೆ ಒಗ್ಗುವುದು ಕಷ್ಟ. ಬೇಲೂರು ಕಡೆ ಹೋದಾಗ ಸುಮ್ನೆ ದೊಡ್ಡಗದ್ದವಳ್ಳಿಗೆ ಹೋಗಿ ಬನ್ನಿ. 12ನೆಯ ಶತಮಾನದ ಹೊಯ್ಸಳ ಗುಡಿ. ಕಾಳಿಯ ಕೋಣೆ ಹತ್ತಿರ ಎಲುಬು ಎದ್ದ ಬೇತಾಳಗಳು ಆಳೆತ್ತರಕ್ಕೆ ನಿಂತಿವೆ. ನೋಡಿದರೆ ಖುಷಿಪಡುತ್ತೀರಿ.

ಮುಳ್ಳಯ್ಯನಗಿರಿಯ ಕಾಡ್ಗಿಚ್ಚಿನ ಕತೆಗೆ ಒಂದು ತಕರಾರು ಇದೆ. ಅದರಲ್ಲಿ ಬೆಂಕಿ ಗುಡ್ಡದ ತುದಿಯಿಂದ ಕುದುರೆ ಓಟದಲ್ಲಿ ಇಳಿದು ಹುಡುಗನನ್ನು ಅಟ್ಟಿಸಿಕೊಂಡು ಬರುತ್ತದೆ. ಗಾಳಿ ತಳ್ಳದಿದ್ದರೆ ಬೆಂಕಿ ಹಾಗೆ ಇಳಿಯುವುದಿಲ್ಲ. ಅದು ಓಡುವುದು ಏರುವಾಗ. ಜ್ವಾಲೆ ಮೇಲುಗಡೆಯ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿರುತ್ತದೆ. ಬೇಸಿಗೆ ಬಂತೆಂದರೆ ಬೆಂಕಿ ರೇಖೆ ಮಾಡಿ, ಹಸಿ ಸೊಪ್ಪಿನಲ್ಲಿ ಬಡಿದು, ಕೆಲವು ಸಲ ಎದುರು ಬೆಂಕಿ ಕೊಟ್ಟು ಆರಿಸುವ ಫಾರೆಸ್ಟ್ ಗಾರ್ಡ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಮಂತ್ರದ ಕತೆಯಲ್ಲಿ ಇಷ್ಟೆಲ್ಲ ಯಾಕೆ ಅಂತೀರಾ? ಮಂತ್ರದ ಕತೆ ಅನ್ನುವ ಕಾರಣಕ್ಕೇ ಬೇಕು. ಗಾಳಿ ಇಲ್ಲದೆ ಇಳಿಜಾರಿನಲ್ಲಿ ಓಡುವ ಬೆಂಕಿ ನೋಡಿ ಗಾರ್ಡ್ ಕೈಯಲ್ಲಿನ ಸೊಪ್ಪು ಬಿಸಾಡಿ ನಿಂತುಬಿಡಬೇಕು. ಇದು ಮಾಮೂಲಿ ಬೆಂಕಿ ಅಲ್ಲ ಅಂತ ನಮಗೆ ಗೊತ್ತಾಗುವುದು ಅವನ ಮುಖದಿಂದ. ನಿಮ್ಮ ಕತೆಯಲ್ಲಿ ಯಾರೂ ಬೆಚ್ಚುವುದಿಲ್ಲ.

ನಾಲ್ಕನೆಯ ಕತೆ ಮಾತ್ರ ನಮ್ಮನ್ನು ಹಿಡಿದು ಕೂರಿಸಿತು. ಅಜ್ಜಿ ಮೊಮ್ಮಗುವಿಗೆ ದೃಷ್ಟಿ ತೆಗೆಯುತ್ತಾಳೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಘಾಟು ಬರದಿದ್ದರೆ ದೃಷ್ಟಿ ತಾಗಿತ್ತು ಅಂತ ಲೆಕ್ಕ. ನೀವು ಇದನ್ನು ವಿವರಿಸಲು ಹೋಗದೆ 'ಯಾರೂ ಕೆಮ್ಮಲಿಲ್ಲ' ಅಂತಷ್ಟೇ ಬರೆದಿದ್ದೀರಿ. ಭೇಷ್! ಕಚೇರಿಯಲ್ಲಿ ಅದನ್ನು ಜೋರಾಗಿ ಓದಿದೆವು. ಆಮೇಲೆ ಹಿಮದ ಕೋಟೆಯಿಂದ ನೀಲಿ ಜ್ವಾಲೆಯ ಮಾಂತ್ರಿಕ ಯಾಕೆ ಬಂದ? ಅವನನ್ನು ದಯವಿಟ್ಟು ವಾಪಸ್ ಕಳಿಸಿ. ಅಜ್ಜಿ ಇರುವಾಗ ಅವನಿಗೇನು ಕೆಲಸ?

ನಿಮ್ಮ ಕತೆಗಳನ್ನು ಹೊಲಿಯುವ ನೂಲು ಅಲ್ಲೇ ಬಿದ್ದಿದೆ. ಅಜ್ಜಿಯ ಒಲೆ ನುಂಗಿದ ಘಾಟು ಎಲ್ಲಿಗೆ ಹೋಯಿತು? ಹಿಂದೆ ಒಲೆ ಹೊತ್ತಿಸಲು ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದರಲ್ಲ. ಅಜ್ಜಿಯ ಒಲೆಯಿಂದ ಕುಲುಮೆಯ ಹುಡುಗ ಕೆಂಡ ಒಯ್ಯಲಿ. ಅವನು ಇದ್ದಿಲು ಹಾಕಿ ತಿದಿ ಒತ್ತಿದಾಗ ಕುಲುಮೆಯಲ್ಲಿ ನಿಂತವರೆಲ್ಲ ಕೆಮ್ಮಲಿ. ಆವತ್ತು ಅಲ್ಲಿ ಹದವಾದ ಮಚ್ಚು ಯಾರ ಮನೆ ಸೇರಿತು ಅನ್ನುವುದು ಮೂರನೆಯ ಕತೆ. ಕೆಂಡ ಹಾಯುವ ಹುಡುಗಿ ಆ ಮನೆಯವಳೇ ಯಾಕಾಗಬಾರದು? ಉಳಿದದ್ದು ನಿಮಗೆ ಬಿಟ್ಟದ್ದು. ನಾನೇ ಎಲ್ಲ ಹೇಳಿದರೆ ಪುಸ್ತಕದ ಮೇಲೆ ನನ್ನ ಹೆಸರೂ ಹಾಕಬೇಕಾಗುತ್ತದೆ.

ಅಜ್ಜಿಯ ಕತೆ ಮತ್ತು ಕುಲುಮೆಯ ಕತೆಯನ್ನು ತಿದ್ದಿ ಒಟ್ಟಿಗೆ ಕಳಿಸಿ. ಜೋಡಿ ಕತೆಯಾಗಿ ದೀಪಾವಳಿ ಸಂಚಿಕೆಗೆ ಪರಿಶೀಲಿಸುತ್ತೇವೆ. ಗಣೇಶನ ಹಬ್ಬದೊಳಗೆ ನಮ್ಮ ಕೈ ಸೇರಬೇಕು. ಟೈಪ್ ಮಾಡುವುದಾದರೆ ಯೂನಿಕೋಡ್‌ನಲ್ಲಿರಲಿ. ಕಳೆದ ಸಲ ನೀವು ಕಳಿಸಿದ ಫಾಂಟಿನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

— ಸಂಪಾದಕ