ಸಾಕ್ಷಿ ಹೇಳು ಅಂತಾರೆ, ಬಾಯಿ ಬರ್ತಿಲ್ಲ

ಪ್ರಶ್ನೆ: ಅಕ್ಕ, ನನಗೆ 27 ವರ್ಷ, ಬಾಣಸವಾಡಿ ಹತ್ರ ಮನೆ. ಬೆಳೆದಿದ್ದು ಕನ್ನಡ ಚರ್ಚ್ ಸಭೆಯಲ್ಲಿ, ಕೆಲಸಕ್ಕೆ ಸೇರಿದ್ಮೇಲೆ ಫ್ರೆಂಡ್ಸ್ ಜೊತೆ ದೊಡ್ಡ ಇಂಗ್ಲಿಷ್ ಪ್ರಾರ್ಥನಾ ಫೆಲೋಶಿಪ್‌ಗೆ ಹೋಗ್ತೀನಿ, ಅಲ್ಲಿ ಕೀಬೋರ್ಡ್ ನುಡಿಸ್ತೀನಿ. ಹೋದ ವರ್ಷ ಅಪ್ಪಂಗೆ ಕ್ಯಾನ್ಸರ್ ಆದಾಗ ಗುಂಪಿನವ್ರು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ವಾಸಿ ಆಗೇ ಆಗುತ್ತೆ ಅಂದ್ರು. ಅಪ್ಪ ಹೋಗ್ಬಿಟ್ರು. ಮನೇಲಿ ಯಾರಿಗೋ ನಂಬಿಕೆ ಕಮ್ಮಿ ಇತ್ತು ಅಂತ ಒಬ್ರು ಹೇಳಿದ್ರು. ಈಗ ಸ್ಟೇಜ್ ಮೇಲೆ ನಿಂತು, ದೇವರು ನನ್ನ ದುಃಖ ತೆಗೆದುಬಿಟ್ಟ ಅಂತ ಸಾಕ್ಷಿ ಹೇಳು ಅಂತಿದಾರೆ. ನನಗೋ ಪ್ರಾರ್ಥನೆ ಮಾಡಿದ್ರೆ ಗೋಡೆ ಜೊತೆ ಮಾತಾಡಿದ ಹಾಗಿದೆ, ಆದ್ರೂ ಎಲ್ಲರ ಹಾಗೆ ಕಣ್ಮುಚ್ಚಿ ನಿಲ್ತೀನಿ. ಅಮ್ಮ ಭಾನುವಾರ ಒಬ್ರೇ ಬಸ್ಸಲ್ಲಿ ಹಡ್ಸನ್ ಚರ್ಚ್‌ಗೆ ಹೋಗ್ತಾರೆ. ನಾನು ಕಪಟಿನಾ? ಎಲ್ಲಾ ಬಿಟ್ಬಿಡ್ಲಾ?

ಉತ್ತರ: ತಂಗಿ, ಅಪ್ಪ ಹೋಗಿ ಇನ್ನೂ ವರ್ಷ ತುಂಬಿದೆಯೋ ಇಲ್ವೋ, ಅಷ್ಟರಲ್ಲೇ ನಿನ್ನ ದುಃಖಕ್ಕೆ ಡೇಟ್ ಫಿಕ್ಸ್ ಮಾಡಿ ಮೈಕ್ ಕೊಡ್ತಿದಾರಲ್ಲ, ಓದಿ ಹೊಟ್ಟೆ ಕಿವುಚಿದ ಹಾಗಾಯ್ತು.

ಮೊದಲು ಆ ಸಾಕ್ಷಿ ವಿಷಯ. ಹೇಳಬೇಡ. ಸುಳ್ಳುಸಾಕ್ಷಿ ಹೇಳಬಾರದು ಅಂತ ದಶಾಜ್ಞೆಯಲ್ಲೇ ಇದೆ, ಅದು ಬೇರೆಯವರ ಮೇಲೆ ಸುಳ್ಳು ಹೇಳೋದ್ರ ಬಗ್ಗೆ ಇರೋ ಮಾತು ನಿಜ, ಆದ್ರೆ ದೇವರ ಹೆಸರಲ್ಲಿ ಆಗದೇ ಇರೋದನ್ನ ಆಯ್ತು ಅನ್ನೋದೂ ಸುಳ್ಳುಸಾಕ್ಷಿನೇ ಅಂತ ನಾನು ನಂಬ್ತೀನಿ. ಲೀಡರ್‌ಗೆ ಫೋನ್ ಮಾಡಿ, "ನನಗೆ ಇನ್ನೂ ದುಃಖ ಇದೆ, ಈಗ ಹೇಳೋಕಾಗಲ್ಲ" ಅಂತ ಅಷ್ಟೇ ಹೇಳು, ಕಾರಣ ಕೇಳಿದ್ರೂ ಅದನ್ನೇ ಹೇಳು. ಕೀಬೋರ್ಡ್‌ಗೂ ಎರಡು ತಿಂಗಳು ರಜಾ ಕೇಳು.

ಆ ನಂಬಿಕೆ ಕಮ್ಮಿ ಅನ್ನೋ ಮಾತು ಇದೆಯಲ್ಲ, ಅದನ್ನ ಮನಸ್ಸಿಂದ ಕಿತ್ತು ಹಾಕ್ಬೇಕು. ಬೈಬಲ್‌ನಲ್ಲಿರೋ ಯೋಬನ ಪುಸ್ತಕ ಪೂರ್ತಿ ಓದಿದೀಯಾ? ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡವನ ಹತ್ರ ಮೂರು ಜನ ಸ್ನೇಹಿತರು ಬಂದು ಏಳು ದಿನ ಮಾತಿಲ್ದೆ ನೆಲದ ಮೇಲೆ ಕೂತ್ರು, ಅದೊಂದೇ ಅವ್ರು ಸರಿಯಾಗಿ ಮಾಡಿದ್ದು, ಆಮೇಲೆ ಬಾಯಿ ಬಿಟ್ಟು ನಿಂದೇ ಏನೋ ತಪ್ಪಿರ್ಬೇಕು ಅಂತ ಶುರು ಹಚ್ಕೊಂಡ್ರು. ಯೋಬ ದೇವರ ಜೊತೆ ಜಗಳ ಆಡ್ದ, ಹುಟ್ಟಿದ ದಿನಕ್ಕೇ ಶಾಪ ಹಾಕ್ದ. ಕೊನೇಲಿ ದೇವರು ಕೋಪ ಮಾಡ್ಕೊಂಡಿದ್ದು ಆ ಸ್ನೇಹಿತರ ಮೇಲೆ. ನನ್ನ ವಿಷಯದಲ್ಲಿ ಯೋಬ ಆಡಿದ ಹಾಗೆ ನೀವು ಸರಿಯಾಗಿ ಆಡಲಿಲ್ಲ ಅಂತಾನೆ, 42ನೇ ಅಧ್ಯಾಯ ತೆಗೆದು ನೋಡು.

ಗೋಡೆ ಅಂದ್ಯಲ್ಲ. ಮದರ್ ತೆರೇಸಾ 1997ರಲ್ಲಿ ತೀರ್ಕೊಂಡ್ರು, ಹತ್ತು ವರ್ಷ ಆದ್ಮೇಲೆ ಅವ್ರ ಪತ್ರಗಳು ಪುಸ್ತಕವಾಗಿ ಬಂದಾಗ ಎಷ್ಟೋ ಜನಕ್ಕೆ ಗೊತ್ತಾಗಿದ್ದು, ಸುಮಾರು 50 ವರ್ಷ ಆಕೆಗೆ ಒಳಗೆಲ್ಲ ಕತ್ತಲೇ ಇತ್ತು ಅಂತ. ಆದ್ರೂ ಬೆಳಗಾದ್ರೆ ಎದ್ದು ಕೆಲಸಕ್ಕೆ ಹೋಗ್ತಿದ್ರು. ಮೈ ಜುಮ್ ಅನ್ನೋದು, ಕಣ್ಣೀರು ಬರೋದು, ಇದೆಲ್ಲ ಬಂದಾಗ ಒಳ್ಳೇದೇ, ಆದ್ರೆ ಅದನ್ನೇ ನಂಬಿಕೆ ಅನ್ಕೊಂಡ್ರೆ ಅದು ಬರದೇ ಇದ್ದ ದಿನ ಏನ್ ಮಾಡ್ತೀಯ? ನಂಬಿಕೆಯಲ್ಲಿ ಹಾಲು ಕುಡಿಯೋ ಎಳೆಯರು, ಗಟ್ಟಿ ಆಹಾರ ತಿನ್ನೋ ಬೆಳೆದೋರು ಅಂತ ಎರಡು ಥರದೋರಿದ್ದಾರೆ ಅಂತ ಬೈಬಲ್‌ನ ಇಬ್ರಿಯರಿಗೆ ಬರೆದ ಪತ್ರದಲ್ಲಿ ಬರುತ್ತೆ. ಹಾಲು ಬಿಡಿಸೋವಾಗ ಮಗು ಅಳುತ್ತೆ ತಂಗಿ, ನಿನಗೂ ಅದೇ ಆಗ್ತಿರಬಹುದು ಅನ್ಸುತ್ತೆ.

ನನ್ನದೂ ಒಂದು ಹೇಳ್ತೀನಿ. ನನ್ನ ಮೊದಲ ಮಗು ಹೊಟ್ಟೇಲೇ ಹೋದ ವರ್ಷ ನಾನು ಚರ್ಚಲ್ಲಿ ಒಂದು ಹಾಡೂ ಹಾಡಲಿಲ್ಲ, ನಾವು ನಂಬೋದನ್ನ ಎಲ್ಲರೂ ಒಟ್ಟಿಗೆ ಹೇಳೋ ವಿಶ್ವಾಸಪ್ರಮಾಣ ಬಂದಾಗ ತುಟಿ ಬಿಗಿ ಹಿಡ್ದು ನಿಲ್ತಿದ್ದೆ. ಪಕ್ಕದಲ್ಲಿ ಒಬ್ರು ವಯಸ್ಸಾದ ಆಂಟಿ ನಿಲ್ತಿದ್ರು, ಏನೂ ಕೇಳ್ತಿರಲಿಲ್ಲ, ಹಾಡಿನ ಪುಸ್ತಕ ಅರ್ಧ ನನ್ನ ಕಡೆ ತಿರುಗಿಸಿ, ಅರಿಶಿನ ಹಿಡಿದ ಉಗುರಿಂದ ಸಾಲು ಸಾಲಾಗಿ ತೋರಿಸ್ಕೊಂಡು ಹೋಗ್ತಿದ್ರು, ಪ್ರತಿ ವಾರ, ನಾನು ಬಾಯಿ ತೆಗೀದೇ ಇದ್ರೂ. ಆ ವರ್ಷ ನನ್ನ ನಂಬಿಕೆ ಇದ್ದಿದ್ದು ಆ ಬೆರಳಿನ ತುದೀಲಿ.

ಹಾಗಾಗಿ ಎಲ್ಲಾ ಬಿಡಬೇಡ, ನಟಿಸೋದು ಮಾತ್ರ ಬಿಡು. ದೊಡ್ಡ ದೊಡ್ಡ ಪ್ರಾರ್ಥನೆ ಬೇಡ ಈಗ, 88ನೇ ಕೀರ್ತನೆ ಗಟ್ಟಿಯಾಗಿ ಓದು, ಅದು ಕತ್ತಲೆ ಅನ್ನೋ ಮಾತಲ್ಲೇ ಮುಗಿಯುತ್ತೆ, ಸಮಾಧಾನದ ಒಂದು ಸಾಲೂ ಸೇರಿಸ್ದೆ ಅದನ್ನ ಹಾಗೇ ಬೈಬಲ್‌ನಲ್ಲಿ ಇಟ್ಟಿದ್ದಾರೆ. ಬೈಬೇಕು ಅನ್ಸಿದ್ರೆ ದೇವರನ್ನೇ ಬೈ. ರಾತ್ರಿ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅನ್ನೋ ಥರ ಇದ್ರೆ ನಿಮ್ಹಾನ್ಸ್‌ಗೋ ಒಳ್ಳೆ ಕೌನ್ಸೆಲರ್ ಹತ್ರಾನೋ ಹೋಗು, ಅದು ನಂಬಿಕೆ ಇಲ್ಲದೋರು ಮಾಡೋ ಕೆಲಸ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡ.

ಇನ್ನು ಅಮ್ಮ. ಗಂಡನ್ನ ಕಳ್ಕೊಂಡೋರು ಪ್ರತಿ ಭಾನುವಾರ ಒಬ್ರೇ ಬಸ್ ಹತ್ತಿ ಅಷ್ಟು ದೂರ ಹೋಗ್ತಿದಾರೆ, ಅವ್ರಿಗೂ ಆ ಗೋಡೆ ಎದುರಾಗಿದೆಯೋ ಏನೋ, ನೀನು ಯಾವತ್ತಾದ್ರೂ ಕೇಳಿದೀಯಾ? ಈ ಭಾನುವಾರ ಜೊತೇಲಿ ಹೋಗು. ಬಸ್ಸಲ್ಲಿ ಪಕ್ಕದಲ್ಲಿ ಕೂತ್ಕೊ, ಅಪ್ಪನ ಬಗ್ಗೆ ಅವ್ರು ಏನಾದ್ರೂ ಮಾತು ತೆಗೆದ್ರೆ ಮಾತಾಡು, ಇಲ್ಲಾಂದ್ರೆ ಸುಮ್ನೆ ಬ್ಯಾಗ್ ಹಿಡ್ಕೊ.